ಮೇಲಿನ ಕಣ್ಣಿಗೆ ಕೆಳಗಿನ ಸಾಕ್ಷಿ

ಹೊಸಕೋಟೆಯಿಂದ ಶಿಡ್ಲಘಟ್ಟದ ಕಡೆ ಹೋಗುವ ರಸ್ತೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಆವರಣವೊಂದಿದೆ. ಕ್ರೆಸ್ಟ್ ಎಂಬುದು ಅದರ ಚಿಕ್ಕ ಹೆಸರು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಇಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸುತ್ತಾರೆ. ಆದಿತ್ಯ-ಎಲ್1 ನೌಕೆಯ ಮುಖ್ಯ ಉಪಕರಣವಾದ ವಿಇಎಲ್‌ಸಿ ಜೋಡಣೆಗೊಂಡು ಪರೀಕ್ಷೆಗೆ ಒಳಗಾದದ್ದೂ ಇದೇ ಆವರಣದಲ್ಲಿ. 2023ರ ಜನವರಿಯಲ್ಲಿ ಅದನ್ನು ಇಸ್ರೊಗೆ ಒಪ್ಪಿಸಲಾಯಿತು. ಭೂಮಿಯಿಂದ ಹದಿನೈದು ಲಕ್ಷ ಕಿಲೋಮೀಟರ್ ಆಚೆ ನಿಂತು ಸೂರ್ಯನನ್ನು ನೋಡುವ ಕಣ್ಣು ಹೀಗೆ ಈ ತಾಲ್ಲೂಕಿನಿಂದ ಹೋಗಿದೆ. ಆದರೆ ಇದೇ ತಾಲ್ಲೂಕಿನ ಕೆರೆ, ಹೊಲ, ತೋಪುಗಳ ಮೇಲೆ ಮತ್ತೆ ಮತ್ತೆ ಹಾದುಹೋಗುವ ಉಪಗ್ರಹಗಳು ಏನನ್ನು ಕಂಡವು ಎಂಬುದು ಇಲ್ಲಿನ ಗ್ರಾಮ ಪಂಚಾಯಿತಿಗೋ ಹೈಸ್ಕೂಲಿಗೋ ಕನ್ನಡದಲ್ಲಿ ಬಂದು ಮುಟ್ಟುವ ಏರ್ಪಾಡು ಇಲ್ಲವೆನ್ನುವಷ್ಟು ಕಡಿಮೆ. ಇದನ್ನು ಪ್ರಚಾರದ ಕೊರತೆ ಎಂದು ತಿಳಿದರೆ ಸಾಲದು. ಭೂಮಿಯ ಅಧ್ಯಯನದ ಮಟ್ಟಿಗೆ ಜನಶಿಕ್ಷಣವೆಂಬುದು ಸಂಶೋಧನೆ ಮುಗಿದ ಮೇಲೆ ಹಂಚುವ ಪ್ರಸಾದವಲ್ಲ; ಸಂಶೋಧನೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ದಾರಿಗಳಲ್ಲಿ ಅದೂ ಒಂದು. ಅದು ಕುಂಟಿದರೆ ವಿಜ್ಞಾನವೂ ಅಷ್ಟರಮಟ್ಟಿಗೆ ಕುಂಟುತ್ತದೆ ಎಂಬುದು ನನ್ನ ವಾದ.

ಏಪ್ರಿಲಿನ ಬಿಸಿಲಲ್ಲಿ ಹೊಸಕೋಟೆಯ ಮೇಲಿಂದ ತೆಗೆದ ಚಿತ್ರವೊಂದನ್ನು ನೋಡೋಣ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಈ ಎರಡರ ವ್ಯತ್ಯಾಸದಿಂದ ಎಲ್ಲಿ ಎಷ್ಟು ಹಸಿರಿದೆ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕದಲ್ಲಿ ನೀಲಗಿರಿ ತೋಪು ಹಸಿರು, ಬೋರ್‌ವೆಲ್ ನೀರಿನಲ್ಲಿ ನಿಂತ ದ್ರಾಕ್ಷಿ ತೋಟ ಹಸಿರು, ಹಿಪ್ಪುನೇರಳೆ ಹಸಿರು, ಕೆರೆಯ ಮೇಲೆ ಹಬ್ಬಿದ ಕಳೆಯೂ ಹಸಿರು. ರಾಗಿ ಕೊಯ್ದು ಕೂಳೆ ಉಳಿದ ಹೊಲ ಮಾತ್ರ ಬರಡು. ನೆಲದ ಮೇಲೆ ನಿಂತವರ ಲೆಕ್ಕ ಇದಕ್ಕೆ ಹೆಚ್ಚುಕಡಿಮೆ ತಿರುಗುಮುರುಗು. ಬರಡು ಕಾಣುವ ಹೊಲವೇ ಮಳೆಯನ್ನು ನಂಬಿ ಬದುಕಿ ಅಂತರ್ಜಲವನ್ನು ಉಳಿಸಿದ ಹೊಲ. ಕಣ್ಣಿಗೆ ತಂಪಾದ ತೋಪು ರಾಜ್ಯ ಸರ್ಕಾರವೇ 2017ರಲ್ಲಿ ಹೊಸದಾಗಿ ನೆಡಬಾರದೆಂದು ತಡೆದ ಮರದ್ದು. ಕೆರೆಯ ಹಸಿರು ಎಷ್ಟೋ ಸಲ ಊರಿನ ಕೊಳಚೆ ಬಂದು ಸೇರಿದ್ದರ ಗುರುತು. ಬೇರೆ ಬೇರೆ ತಿಂಗಳ ಚಿತ್ರಗಳನ್ನು ಒಟ್ಟಿಗಿಟ್ಟು, ರಾಡಾರ್ ಮಾಹಿತಿಯನ್ನೂ ಸೇರಿಸಿ ಇವನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು, ನಿಜ. ಆದರೆ ಯಾವುದು ತೋಪು, ಯಾವುದು ತೋಟ ಎಂದು ಆ ಲೆಕ್ಕಕ್ಕೆ ಮೊದಲು ಹೇಳಿಕೊಡುವುದು ನೆಲದಿಂದ ತಂದ ಮಾದರಿಗಳೇ. ದೂರಸಂವೇದಿ ಕೆಲಸದಲ್ಲಿರುವವರು ಇದನ್ನು ಗ್ರೌಂಡ್ ಟ್ರೂತ್ ಎನ್ನುತ್ತಾರೆ. ಜೀಪಿನಲ್ಲಿ ಬಂದು, ಜಿಪಿಎಸ್ ಹಿಡಿದು, ಕೆಲವು ಕಡೆ ಗುರುತು ಹಾಕಿಕೊಂಡು ಹೋಗುವ ತಂಡ ವರ್ಷವಿಡೀ ಎಲ್ಲ ಹೊಲಗಳಿಗೂ ಬರಲಾರದು. ಹೊಲದವರು ಅಲ್ಲೇ ಇರುತ್ತಾರೆ. ಅವರು ಹೇಳುವುದು ಉಪಯೋಗಕ್ಕೆ ಬರಬೇಕಾದರೆ ಮೇಲಿನಿಂದ ಏನನ್ನು ಅಳೆಯುತ್ತಿದ್ದಾರೆ ಎಂಬುದು ಅವರಿಗೂ ಗೊತ್ತಿರಬೇಕು.

ಅಂತರ್ಜಲದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 2002ರಲ್ಲಿ ಹಾರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು ಒಂದರ ಹಿಂದೊಂದು ಸುತ್ತುತ್ತ, ತಮ್ಮ ನಡುವಿನ ಅಂತರದ ಅತಿಸೂಕ್ಷ್ಮ ಏರಿಳಿತದಿಂದ ಭೂಮಿಯ ಗುರುತ್ವದ ಬದಲಾವಣೆಯನ್ನು ಅಳೆದವು. ಅದರ ಆಧಾರದ ಮೇಲೆ, ರಾಜಸ್ಥಾನ, ಪಂಜಾಬ್, ಹರಿಯಾಣ ಪ್ರದೇಶ 2002ರಿಂದ 2008ರ ನಡುವೆ ಸುಮಾರು 109 ಘನ ಕಿಲೋಮೀಟರ್ ಅಂತರ್ಜಲ ಕಳೆದುಕೊಂಡಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಬೆರಗಿನ ಕೆಲಸವೇ ಅದು. ಆದರೆ ಗ್ರೇಸ್ ಕಣ್ಣಿಗೆ ಬೀಳುವ ತುಣುಕು ನೂರಾರು ಕಿಲೋಮೀಟರ್ ಅಗಲದ್ದು. ಅದರಲ್ಲಿ ಹೊಸಕೋಟೆ ಒಂದು ಚುಕ್ಕೆಯೂ ಆಗದು. ಇಲ್ಲಿನ ನೀರು ಇರುವುದೋ ಗ್ರಾನೈಟ್, ನೈಸ್ ಬಂಡೆಗಳ ಬಿರುಕುಗಳಲ್ಲಿ. ಒಬ್ಬರ ಬೋರ್‌ವೆಲ್ ತುಂಬಿ ಬಂದರೆ ಬದುವಿನಾಚೆಯವರದು ಒಣ ಧೂಳು. ಕೇಂದ್ರ ಅಂತರ್ಜಲ ಮಂಡಳಿ ಅತಿಬಳಕೆಯದೆಂದು ಗುರುತಿಸಿದ ಈ ತಾಲ್ಲೂಕಿನಲ್ಲಿ ಉಪಗ್ರಹದ ದೊಡ್ಡ ಚಿತ್ರಕ್ಕೂ ಹೊಲದ ಸಣ್ಣ ಸತ್ಯಕ್ಕೂ ನಡುವೆ ಇರುವ ಅಂತರವನ್ನು ತುಂಬಬಲ್ಲದ್ದು ಬಾವಿಗಳ ಅಳತೆ. ಸರ್ಕಾರದ ವೀಕ್ಷಣಾ ಬಾವಿಗಳು ಬೆರಳೆಣಿಕೆಯವು. ಖಾಸಗಿ ಬೋರ್‌ವೆಲ್‌ಗಳ ಆಳ, ಬತ್ತಿದ ವರ್ಷ, ಮೋಟಾರು ಇಳಿಸಿದ ಮಟ್ಟ ಎಲ್ಲವೂ ಜನರ ನೆನಪಿನಲ್ಲಿದೆ, ದತ್ತಾಂಶದಲ್ಲಿಲ್ಲ.

ಬಾಹ್ಯಾಕಾಶ ಸಂಸ್ಥೆಯ ಕೆಲಸ ಉಪಗ್ರಹ ಹಾರಿಸುವುದು, ಪಾಠ ಹೇಳುವುದು ಶಿಕ್ಷಣ ಇಲಾಖೆಗೆ ಬಿಟ್ಟದ್ದು ಎಂದು ಆಕ್ಷೇಪಿಸಬಹುದು. ಇಸ್ರೊದ ಚರಿತ್ರೆಯೇ ಇದನ್ನು ಒಪ್ಪುವುದಿಲ್ಲ. ತನ್ನದೇ ಭೂವೀಕ್ಷಣಾ ಉಪಗ್ರಹ ಆಕಾಶ ಸೇರುವ ಮೊದಲೇ ಇಸ್ರೊ ಹಳ್ಳಿಗೆ ಹೋಗಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಪಾಠ ತಲುಪಿತು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಊರುಗಳಲ್ಲಿ ಕೋಳಿಗೂಡಿಗೆ ಹೊದಿಸುವಂಥ ತಂತಿ ಬಲೆಯ ಆಂಟೆನಾ ನೆಟ್ಟು ಕನ್ನಡದಲ್ಲೇ ಕಾರ್ಯಕ್ರಮ ತೋರಿಸಿದರು: ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ. ಅದಕ್ಕಿಂತ ಮುಖ್ಯವಾದದ್ದು, ಜನ ನೋಡಿದ್ದೇನು, ಬಿಟ್ಟದ್ದೇನು ಎಂದು ತಿಳಿಯಲು ಸಮಾಜ ಸಂಶೋಧಕರನ್ನು ಹಳ್ಳಿಗಳಲ್ಲಿ ಉಳಿಸಿದ್ದು. ಭೂವೀಕ್ಷಣೆಯ ಭಾಸ್ಕರ-1 ಹಾರಿದ್ದು 1979ರಲ್ಲಿ, ಐಆರ್‌ಎಸ್-1ಎ 1988ರಲ್ಲಿ. ಅಂದರೆ ಈ ಸಂಸ್ಥೆಗೆ ಜನಶಿಕ್ಷಣ ಆಮೇಲೆ ಅಂಟಿಸಿಕೊಂಡ ಕೆಲಸವಲ್ಲ. ನಡುವೆಲ್ಲೋ ಅದು ಕ್ವಿಜ್, ಚಿತ್ರಕಲಾ ಸ್ಪರ್ಧೆ, ಉಡಾವಣೆಯ ನೇರಪ್ರಸಾರಗಳಿಗೆ ಇಳಿಯಿತು. ಚಂದ್ರನ ಮೇಲೆ ವಿಕ್ರಮ್ ಇಳಿದ ದಿನದ ಸಂಭ್ರಮ ಸಹಜವೇ. ಅಂಥ ಸಂಭ್ರಮ ಮಕ್ಕಳನ್ನು ವಿಜ್ಞಾನದ ಕಡೆ ಎಳೆಯುವುದೂ ಉಂಟು. ಆದರೆ ಚಪ್ಪಾಳೆ ತಟ್ಟುವವರು ಅಳತೆಯ ತಪ್ಪನ್ನು ತಿದ್ದಲಾರರು.

ಇನ್ನೊಂದು ಮಾತು ಮೆಲುದನಿಯಲ್ಲಿ ಕೇಳಿಬರುತ್ತದೆ: ಹಳ್ಳಿಯವರಿಗೆ ಇದೆಲ್ಲ ಅರ್ಥವಾಗದು, ಅರೆಬರೆ ತಿಳಿದರೆ ಅಪಾಯ. ಇದಕ್ಕೆ ಉತ್ತರ ಜನರ ಕೈಯಲ್ಲಿರುವ ಮೊಬೈಲಿನಲ್ಲೇ ಇದೆ. ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರದ ದಿಶಾಂಕ್ ಆ್ಯಪ್ ಹಳೆಯ ಗ್ರಾಮ ನಕಾಶೆಯನ್ನು ಇಂದಿನ ಭೂಪಟದ ಮೇಲೆ ಕೂರಿಸಿ, ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಬೆಂಗಳೂರು ಬೆಳೆದು ಬಂದು ಎಕರೆಯ ಬೆಲೆ ಏರಿಸಿದ ಹೊಸಕೋಟೆಯಂಥ ಕಡೆ ಕೆರೆಯಂಗಳ ಎಲ್ಲಿಗೆ ಮುಗಿಯಿತು, ರಾಜಕಾಲುವೆ ಯಾರ ನಿವೇಶನದಲ್ಲಿ ಮರೆಯಾಯಿತು ಎಂದು ನೋಡುವುದಕ್ಕೆ ಜನ ಯಾರ ಪಾಠಕ್ಕೂ ಕಾಯುವುದಿಲ್ಲ. ನಕಾಶೆಯ ಗೆರೆಗೂ ನೆಲದ ಗೆರೆಗೂ ಕೆಲವು ಮೀಟರ್ ವ್ಯತ್ಯಾಸ ಬರುತ್ತದೆಂಬುದನ್ನೂ ಜಗಳವಾಡಿಯೇ ಕಲಿತಿದ್ದಾರೆ. ಪಕ್ಕದ ಕೋಲಾರವೂ ಸೇರಿದಂತೆ ಐದು ಜಿಲ್ಲೆಗಳಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಡೆದ ಸುಜಲ ಜಲಾನಯನ ಯೋಜನೆಯಲ್ಲಿ ಉಪಗ್ರಹ ಚಿತ್ರಗಳ ನೆರವಿನಿಂದ ಮೇಲ್ವಿಚಾರಣೆ, ಮೌಲ್ಯಮಾಪನ ಮಾಡಿದ್ದು ಇಸ್ರೊದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್. ಬದು, ಚೆಕ್‌ಡ್ಯಾಂ ಎಲ್ಲಿ ಬೇಕೆಂದು ಹೇಳಿದವರಲ್ಲಿ ಊರಿನ ಗುಂಪುಗಳೂ ಇದ್ದವು. ಅರ್ಥವಾಗದಿರುವುದು ವಿಷಯದ ದೋಷವಲ್ಲ. ತಮ್ಮ ಜಮೀನಿಗೆ ತಳುಕು ಹಾಕದೆ, ಇಂಗ್ಲಿಷಿನಲ್ಲಿ, ಬಣ್ಣದ ಪಟ್ಟಿಯ ವಿವರಣೆಯೂ ಇಲ್ಲದೆ ಕೊಟ್ಟರೆ ಪದವೀಧರರಿಗೂ ಅದು ಅರ್ಥವಾಗದು.

ಅರೆಬರೆ ತಿಳಿವಳಿಕೆಯ ಅಪಾಯ ನಿಜಕ್ಕೂ ಇರುವುದು ಅಧಿಕಾರ ಇರುವ ಕಡೆ. ಬೆಳೆ ಸಮೀಕ್ಷೆ, ಪಹಣಿಯ ಬೆಳೆ ಕಾಲಂ, ಬರ ಘೋಷಣೆ, ಬೆಳೆ ವಿಮೆ ಇವೆಲ್ಲಕ್ಕೂ ದೂರಸಂವೇದಿ ಅಂದಾಜು ಹೆಚ್ಚುಹೆಚ್ಚಾಗಿ ಬಂದು ಸೇರುತ್ತಿದೆ. ರಾಗಿಯ ಜೊತೆ ಅವರೆ, ಸಾಸಿವೆ ಅಕ್ಕಡಿ ಹಾಕಿದ ಹೊಲವನ್ನು ಒಂದೇ ಬೆಳೆಯೆಂದು ಬರೆದುಕೊಂಡರೆ, ಆ ತೀರ್ಮಾನ ಹೇಗೆ ಬಂತೆಂದು ಗೊತ್ತಿಲ್ಲದ ರೈತ ತಕರಾರು ಸಲ್ಲಿಸುವುದಾದರೂ ಯಾವ ಆಧಾರದ ಮೇಲೆ? ಮನುಷ್ಯನ ಬದುಕಿನ ಬಗ್ಗೆ ತೀರ್ಪು ಕೊಡುವ ಅಳತೆ ಅವನಿಗೆ ಅರ್ಥವಾಗುವ ಮಾತಿನಲ್ಲಿರಬೇಕು ಎಂಬುದು ನ್ಯಾಯದ ಬೇಡಿಕೆ. ತಕರಾರು ಬಂದಾಗಲಷ್ಟೇ ತಪ್ಪು ಬಯಲಾಗುವುದರಿಂದ ವಿಜ್ಞಾನದ ಬೇಡಿಕೆಯೂ ಅದೇ.

ಮಾಹಿತಿಯೆಲ್ಲ ಈಗ ಮುಕ್ತವಲ್ಲವೇ ಎನ್ನುವವರಿದ್ದಾರೆ. ಅಮೆರಿಕ 2008ರಲ್ಲಿ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಉಚಿತಗೊಳಿಸಿದ ಮೇಲೆ ಅವುಗಳ ಬಳಕೆ ಎಷ್ಟೋ ಪಟ್ಟು ಹೆಚ್ಚಿತು. ನಮ್ಮಲ್ಲೂ ಇಸ್ರೊದ ಭುವನ್ ಜಾಲತಾಣವಿದೆ. ಐದು ಮೀಟರ್ ಸ್ಪಷ್ಟತೆಯ ಮತ್ತು ಅದಕ್ಕಿಂತ ಒರಟಾದ ಚಿತ್ರಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕೆಂದು 2023ರ ಬಾಹ್ಯಾಕಾಶ ನೀತಿ ಹೇಳುತ್ತದೆ. ಒಳ್ಳೆಯ ಹೆಜ್ಜೆ, ಅನುಮಾನವಿಲ್ಲ. ಆದರೆ ಬಾಗಿಲು ತೆರೆದದ್ದರಿಂದ ಮೊದಲು ಲಾಭವಾಗುವುದು ಬಾಗಿಲಿನವರೆಗೆ ನಡೆದು ಬರಬಲ್ಲವರಿಗೆ, ಅಂದರೆ ವಿಮಾ ಕಂಪನಿಗೆ, ಜಮೀನು ಹುಡುಕುವ ಡೆವಲಪರಿಗೆ. ನಾಸಾ ನೆರವಿನ ಗ್ಲೋಬ್ ಕಾರ್ಯಕ್ರಮ 1995ರಿಂದ ಬೇರೆ ದಾರಿ ಹಿಡಿದಿದೆ: ಶಾಲೆಯ ಮಕ್ಕಳು ಮೋಡ, ಮಣ್ಣು, ನೀರನ್ನು ನಿಗದಿತ ಕ್ರಮದಲ್ಲಿ ಗಮನಿಸಿ ಬರೆದು ಕಳಿಸುತ್ತಾರೆ, ಮೋಡದ ಮಾಹಿತಿಯನ್ನು ಅದೇ ಹೊತ್ತಿಗೆ ಮೇಲೆ ಹಾದ ಉಪಗ್ರಹದ ಚಿತ್ರದೊಂದಿಗೆ ನಾಸಾದವರು ತಾಳೆ ನೋಡಿ ಮಕ್ಕಳಿಗೆ ಉತ್ತರ ಬರೆಯುತ್ತಾರೆ. ಮಕ್ಕಳ ಅಳತೆ ಒರಟೆಂದು ವಿಜ್ಞಾನಿಗಳಿಗೆ ಗೊತ್ತು. ಕ್ರಮ ಒಂದೇ ಆಗಿದ್ದರೆ ಒರಟು ಅಳತೆಯೂ ಉಪಯೋಗಕ್ಕೆ ಬರುತ್ತದೆಂಬುದೂ ಗೊತ್ತು.

ಇಸ್ರೊ ಊರೂರಿಗೆ ಮೇಷ್ಟ್ರನ್ನು ಕಳಿಸಲಿ ಎಂದು ಯಾರೂ ಕೇಳುತ್ತಿಲ್ಲ. ಅಷ್ಟು ಜನವೂ ಹಣವೂ ಅದಕ್ಕಿಲ್ಲ. ಊರು ತಲುಪುವ ಜಾಲ ರಾಜ್ಯದಲ್ಲಿದೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕ ಇಟ್ಟು, ವರುಣಮಿತ್ರ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಉತ್ತರಿಸುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಿದೆ. ಬಾಹ್ಯಾಕಾಶ ಸಂಸ್ಥೆಯೇ ಹೊರಬೇಕಾದ ಹೊಣೆ ಚಿಕ್ಕದು, ಆದರೆ ಬೇರೆಯವರಿಗೆ ದಾಟಿಸಲಾಗದ್ದು: ತನ್ನ ಪ್ರತಿ ನಕಾಶೆಯ ಜೊತೆ ಅದು ಏನನ್ನು ಹೇಳಲಾರದು, ಎಲ್ಲಿ ಎಷ್ಟು ತಪ್ಪಬಹುದು ಎಂಬುದನ್ನು ಸರಳ ಕನ್ನಡದಲ್ಲಿ ಬರೆಯುವುದು, ಮತ್ತು ನೆಲದಿಂದ ಬಂದ ತಿದ್ದುಪಡಿಯನ್ನು ದಾಖಲಿಸಿಕೊಳ್ಳುವುದು. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹ ಅಂತಿಮವಾಗಿ ಜೋಡಣೆಗೊಂಡದ್ದು ಬೆಂಗಳೂರಿನಲ್ಲೇ. ಅದರ ಎರಡು ರಾಡಾರುಗಳು ಮೋಡ ತೂರಿ ನೋಡಬಲ್ಲವು. ನೆಲದ ಕುಸಿತವನ್ನೂ ಮಣ್ಣಿನ ತೇವವನ್ನೂ ಹನ್ನೆರಡು ದಿನಗಳ ಸುತ್ತಿನಲ್ಲಿ ಮತ್ತೆ ಮತ್ತೆ ಅಳೆಯಬಲ್ಲವು. ಮುಂಗಾರಿನ ಮೋಡದಡಿಯಲ್ಲಿ ರಾಗಿ ತೆನೆಗಟ್ಟುವ ಹೊತ್ತಿಗೆ ಹೊಸಕೋಟೆಯ ಕೆಂಪು ಮಣ್ಣಿನಲ್ಲಿ ತೇವ ಎಷ್ಟಿತ್ತೆಂಬ ಅಂಕಿ ಇನ್ನು ಸಿಗುತ್ತದೆ. ಆ ಅಂಕಿಯ ಪಕ್ಕದಲ್ಲಿ ಅದೇ ವಾರ ಒಂದು ಹಿಡಿ ಮಣ್ಣು ತೂಗಿ, ಒಣಗಿಸಿ, ಮತ್ತೆ ತೂಗಿ ಬರೆದ ಶಾಲೆಯ ಮಕ್ಕಳ ಅಂಕಿಯೂ ಇರಬಹುದು. ಅದಕ್ಕೆ ಬೇಕಾದದ್ದು ಒಂದು ತಕ್ಕಡಿ, ಒಂದು ಒಲೆ, ಆ ಅಂಕಿಯನ್ನು ತೆಗೆದುಕೊಳ್ಳಲು ಒಪ್ಪುವ ಒಂದು ಕಚೇರಿ.