ಬೀಗ ಜಡಿದ ಮನೆಗೆ ಕಂದಾಯ ಎಷ್ಟು?



ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯ ಹೆಸರು ನೀವೂ ಕೇಳಿದ್ದೀರಿ. 1921-22ರಲ್ಲಿ ಬಾಬಾಸಾಹೇಬರು ಬಾಡಿಗೆಗಿದ್ದು ಓದಿದ ಮನೆ ಅದು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡು ಸ್ಮಾರಕ ಮಾಡಿತು. 2018ರಲ್ಲಿ ಅಲ್ಲಿನ ಕ್ಯಾಮ್ಡೆನ್ ಕೌನ್ಸಿಲ್ ಪರವಾನಗಿ ಕೊಡೋದಿಲ್ಲ ಅಂದಿತು. ಜನ ವಾಸ ಮಾಡೋ ಜಾಗ ಕಮ್ಮಿಯಾಗುತ್ತದೆ ಅಂತ ತಕರಾರು. 2020ರಲ್ಲಿ ಬ್ರಿಟಿಷ್ ಸರ್ಕಾರವೇ ಒಪ್ಪಿಗೆ ಕೊಟ್ಟ ಮೇಲೆ ಸ್ಮಾರಕ ಉಳಿಯಿತು. ನಮಗೆ ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಆದರೆ ಆ ತಕರಾರಿನ ಮಾತನ್ನು ನಾವು ಸುಮ್ಮನೆ ಬಿಡುವವರಲ್ಲ. ಮನೆ ಇರೋದು ಜನ ವಾಸ ಮಾಡಲಿಕ್ಕೆ ಅನ್ನೋದಾದರೆ, ಉಳ್ಳವರು ಬೀಗ ಜಡಿದು ಬಿಟ್ಟ ಮನೆಗಳಿಗೆ ಆ ದೇಶದ ಕಾನೂನು ಏನು ಮಾಡಿತು?

ಅಲ್ಲಿ 1993ರಿಂದ ಕೌನ್ಸಿಲ್ ಟ್ಯಾಕ್ಸ್ ಇದೆ. ನಮ್ಮ ಪಂಚಾಯ್ತಿಯ ಮನೆ ಕಂದಾಯದ ಹಾಗೆ ಅನ್ನಿ. ಒಂದೇ ವ್ಯತ್ಯಾಸ, ಮಾಲೀಕ ಅಲ್ಲ, ಸಾಮಾನ್ಯವಾಗಿ ಮನೆಯಲ್ಲಿ ವಾಸ ಇರುವವನೇ ಕಟ್ಟಬೇಕು. ಮನೆ ಖಾಲಿ ಬಿದ್ದರೆ ಮಾತ್ರ ಮಾಲೀಕನ ತಲೆಗೆ. ಮೊದಲ ಹನ್ನೊಂದು ವರ್ಷ ಇಂಗ್ಲೆಂಡಿನಲ್ಲಿ ನಡೆದದ್ದು ಕೇಳಿ. ಇರೋ ಒಂದೇ ಮನೆಯಲ್ಲಿ ಒಂಟಿಯಾಗಿ ಬದುಕುವ ಮುದುಕಿಗೆ ಕಂದಾಯದಲ್ಲಿ ಕಾಲು ಭಾಗ ರಿಯಾಯಿತಿ. ಬೇಸಿಗೆಗೆ ಬಂದು ಹೋಗಲು ಕಡಲ ದಂಡೆಯಲ್ಲಿ ಎರಡನೇ ಮನೆ ಇಟ್ಟವನಿಗೆ ಅರ್ಧ ರಿಯಾಯಿತಿ! ಅಲ್ಲಿ ಯಾರೂ ವಾಸ ಇಲ್ಲವಲ್ಲ, ಅದಕ್ಕೆ. ಇದನ್ನು ನ್ಯಾಯ ಅಂತಲೇ ಬರೆದಿಟ್ಟಿದ್ದರು.

2004ರಿಂದ ಈ ರಿಯಾಯಿತಿ ಕಡಿಮೆಯಾಗತೊಡಗಿತು. 2013ರಲ್ಲಿ, ಎರಡು ವರ್ಷ ಖಾಲಿ ಬಿದ್ದ ಮನೆಗೆ ಒಂದೂವರೆ ಪಟ್ಟು ಹಾಕುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿತು. 2024ರ ಏಪ್ರಿಲಿನಿಂದ ಒಂದೇ ವರ್ಷ ಖಾಲಿ ಇದ್ದರೂ ಎರಡು ಪಟ್ಟು, ಐದು ವರ್ಷಕ್ಕೆ ಮೂರು, ಹತ್ತು ವರ್ಷಕ್ಕೆ ನಾಲ್ಕು ಪಟ್ಟು ಹಾಕಬಹುದು.

ಇಷ್ಟಾದರೂ ಕಳ್ಳದಾರಿ ಇತ್ತು. ಖಾಲಿ ಮನೆ ಅಂದರೆ ಸಾಮಾನಿಲ್ಲದ ಮನೆ ಅಂತ ಕಾನೂನು. ಮಾಲೀಕ ಒಂದು ಮಂಚ, ಒಂದು ಮೇಜು, ಎರಡು ಕುರ್ಚಿ ತಂದಿಟ್ಟ. ತಗೊಳ್ಳಿ, ಖಾಲಿ ಮನೆ ಹೋಗಿ ಎರಡನೇ ಮನೆ ಆಯ್ತು, ಹೆಚ್ಚುವರಿ ಕಂದಾಯ ಮಾಯ! 2025ರ ಏಪ್ರಿಲಿನಿಂದ ಎರಡನೇ ಮನೆಗೂ ಎರಡು ಪಟ್ಟು ಹಾಕಬಹುದು ಅಂತಾದ ಮೇಲೆ ಕುರ್ಚಿಯ ಆಟ ಕಟ್ಟಾಯಿತು. ತೀರಿಕೊಂಡ ತಾಯಿಯ ಮನೆ ಕೈಗೆ ಬಂದವರಿಗೆ, ಮಾರಾಟಕ್ಕಿಟ್ಟವರಿಗೆ ಹನ್ನೆರಡು ತಿಂಗಳ ವಿನಾಯಿತಿ ಇದೆ. ಅದು ಇರಬೇಕಾದ್ದೇ.

ಇನ್ನೊಂದು ತೂತು ಮುಚ್ಚಿಲ್ಲ. ಪ್ರವಾಸಿಗರಿಗೆ ವರ್ಷದಲ್ಲಿ 70 ದಿನ ಬಾಡಿಗೆ ಕೊಟ್ಟು, 140 ದಿನ ಬಾಡಿಗೆಗೆ ಲಭ್ಯ ಅಂತ ತೋರಿಸಿದರೆ ಇಂಗ್ಲೆಂಡಿನಲ್ಲಿ ಆ ಮನೆ ‘ವ್ಯಾಪಾರ’. ಕೌನ್ಸಿಲ್ ಟ್ಯಾಕ್ಸ್ ಇಲ್ಲ. ಸಣ್ಣ ವ್ಯಾಪಾರದ ರಿಯಾಯಿತಿಯೂ ಸಿಕ್ಕರೆ ಒಂದು ಪೆನ್ನಿಯೂ ಕಟ್ಟಬೇಕಾಗಿಲ್ಲ. ವೇಲ್ಸ್ ಮಾತ್ರ 2023ರಲ್ಲಿ ಆ 70ನ್ನು 182ಕ್ಕೆ ಏರಿಸಿತು, ಎರಡನೇ ಮನೆಗೆ ನಾಲ್ಕು ಪಟ್ಟಿನವರೆಗೆ ಕಂದಾಯ ಹಾಕಲು ಬಿಟ್ಟಿತು. ಅಲ್ಲಿನ ಗ್ವಿನೆಡ್ ಕೌನ್ಸಿಲ್ ಎರಡೂವರೆ ಪಟ್ಟು ಹಾಕಿತು. ಸುಮ್ಮನೆ ಹಾಕಲಿಲ್ಲ. ಅದೇ ಸೀಮೆಯ ಅಬರ್ಸಾಕ್ ಅನ್ನೋ ಕಡಲೂರಲ್ಲಿ ಎಲ್ಲಿ ನೋಡಿದರೂ ಪರಸ್ಥಳದವರ ರಜೆಯ ಮನೆಗಳು. ಮಕ್ಕಳಿಲ್ಲದೆ ಊರಿನ ಶಾಲೆ 2021ರ ಕೊನೆಗೆ ಮುಚ್ಚಿತು. ಆ ಮಕ್ಕಳ ಮಾತು ವೆಲ್ಷ್. ಶಾಲೆಯ ಜೊತೆ ಭಾಷೆಯೂ ಊರು ಬಿಡುತ್ತದೆ ಅನ್ನೋದು ಅವರ ಸಂಕಟ.

2024ರಲ್ಲಿ ಇಂಗ್ಲೆಂಡಿನಲ್ಲಿ ಆರು ತಿಂಗಳಿಗೂ ಮೀರಿ ಖಾಲಿ ಬಿದ್ದ ಮನೆಗಳು ಎರಡೂವರೆ ಲಕ್ಷಕ್ಕೂ ಹೆಚ್ಚು. ಸ್ವಂತ ಸೂರಿಲ್ಲದೆ ಹಂಗಾಮಿ ವಸತಿಯಲ್ಲಿದ್ದ ಕುಟುಂಬಗಳು ಒಂದು ಲಕ್ಷಕ್ಕೂ ಹೆಚ್ಚು. ಕಂದಾಯ ಎರಡು ಪಟ್ಟಾದರೆ ಕೋಟ್ಯಧಿಪತಿಗೆ ಏನಾದೀತು? ಕಟ್ಟಿ ಬಿಸಾಕುತ್ತಾನೆ, ಬೀಗ ಹಾಗೇ ಇರುತ್ತದೆ. ಅದಕ್ಕೇ ನಾವು ಹೇಳೋದು: ಕಂದಾಯ ಏರಿಸಿದ್ದು ಸರಿ, ಸಾಲದು. ವಸೂಲಾದ ದುಡ್ಡು ಬಡವರ ಮನೆಗೇ ಹೋಗಬೇಕು ಅಂತ ಇಂಗ್ಲೆಂಡಿನ ಕಾನೂನಿನಲ್ಲಿ ಎಲ್ಲೂ ಕಟ್ಟು ಹಾಕಿಲ್ಲ.

ಸ್ಕಾಲರ್‌ಶಿಪ್ಪಿನ ಮೇಲೆ ಅಲ್ಲಿಗೆ ಓದಲು ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಮಾತು. ಮನೆಯಲ್ಲಿ ಇರುವವರೆಲ್ಲ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಕೌನ್ಸಿಲ್ ಟ್ಯಾಕ್ಸ್ ಇಲ್ಲ. ದುಡಿಯುವ ಒಬ್ಬರು ಬಂದು ಸೇರಿಕೊಂಡರೆ ಬಿಲ್ಲು ಬರುತ್ತದೆ. ಕಾಲೇಜಿನಿಂದ ಸರ್ಟಿಫಿಕೇಟು ಈಸಿಕೊಂಡು ಮೊದಲೇ ಕೌನ್ಸಿಲ್ಲಿಗೆ ಕೊಡಿ. ಆಮೇಲೆ ನಿಮ್ಮ ಬೀದಿಯಲ್ಲಿ ರಾತ್ರಿ ದೀಪ ಹತ್ತದ ಮನೆ ಎಷ್ಟಿವೆ ಅಂತ ಎಣಿಸಿ ನಮಗೆ ಬರೆಯಿರಿ.