ಮಾತಿನ ಜೊತೆಗೆ ಸಸಿಯೂ ಬೇಕು



ಇಂದು ತೋಟದ ಸಲಹೆಗೆ ಬರವಿಲ್ಲ. ಟೆಲಿವಿಷನ್ ಹಾಕಿದರೆ ಒಬ್ಬ ತಜ್ಞರು ನಿಂಬೆ ಗಿಡದ ರೆಂಬೆ ಸವರುವ ರೀತಿ ತೋರಿಸುತ್ತಾರೆ. ಮಗನ ಕೈಯ ಮೊಬೈಲ್ ನೋಡಿದರೆ ಇನ್ನೊಬ್ಬರು ಎಕರೆ ಬಾಳೆಗೆ ಇಷ್ಟು ಲಕ್ಷ ಎಂದು ಲೆಕ್ಕ ಒಪ್ಪಿಸುತ್ತಾರೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಲ್ಲಿ ಯಾವ ಹಳ್ಳಿಗೆ ಹೋದರೂ ಈಗ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸಾರ್, ಟೀವೀಲಿ ಹಿಂಗಂದ್ರು, ಮಾಡಬೌದಾ?"

ಇದು ಒಳ್ಳೆಯ ಪ್ರಶ್ನೆ. ಇದಕ್ಕೆ ಹೌದು, ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಒಂದೇ ಕಾಲದಲ್ಲಿ ಬದುಕಿದ ಇಬ್ಬರು ತೋಟಗಾರರ ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ತಾನಾಗಿ ಹೊರಡುತ್ತದೆ. ಒಬ್ಬರು ಟೆಲಿವಿಷನ್ನಿನಿಂದ ಹೆಸರಾದ ಇಂಗ್ಲೆಂಡಿನವರು. ಇನ್ನೊಬ್ಬರು ನಮ್ಮ ತಿ. ನರಸೀಪುರ ತಾಲ್ಲೂಕಿನವರೇ.

ಮೊದಲನೆಯವರು ಪರ್ಸಿ ಥ್ರೋವರ್. 1913ರಲ್ಲಿ ಹುಟ್ಟಿದರು. ತಂದೆ ಒಂದು ದೊಡ್ಡ ಮನೆಯ ಮುಖ್ಯ ತೋಟಗಾರ. ಹುಡುಗ ತಂದೆಯ ಕೈಕೆಳಗೆ ಕೆಲಸ ಕಲಿತು, ಆಮೇಲೆ ವಿಂಡ್ಸರಿನ ಅರಮನೆ ತೋಟದಲ್ಲಿ ದುಡಿದ. 1946ರಲ್ಲಿ ಶ್ರೂಸ್‌ಬರಿ ಎಂಬ ಊರಿನ ಉದ್ಯಾನಗಳ ಮೇಲ್ವಿಚಾರಕರಾದರು. ಬಿ.ಬಿ.ಸಿ. ಸಂಸ್ಥೆ ಅವರನ್ನು ಟೆಲಿವಿಷನ್ನಿಗೆ ಕರೆಯಿತು. 1955ರಿಂದ 1967ರವರೆಗೆ ಒಂದು ತೋಟಗಾರಿಕೆ ಕಾರ್ಯಕ್ರಮ, ಅದಾದ ಮೇಲೆ 1976ರವರೆಗೆ ಮತ್ತೊಂದು. ಮಣ್ಣಿನಲ್ಲಿ ಕೈಯಿಟ್ಟು, ಮಾಡುತ್ತಾ ಮಾಡುತ್ತಾ ಹೇಳುವುದು ಅವರ ರೀತಿ. ಇಂಗ್ಲೆಂಡಿನ ಲಕ್ಷಾಂತರ ಮನೆಗಳ ಹಿತ್ತಿಲಲ್ಲಿ ಅವರ ಮಾತಿನಂತೆ ಗುಲಾಬಿ ಸವರಿದರು, ಟೊಮ್ಯಾಟೊ ನೆಟ್ಟರು.

ಅವರ ಕೆಲಸಕ್ಕೆ ನಾವು ಬೆಲೆ ಕೊಡಲೇಬೇಕು. ಕಸಿ ಕಟ್ಟುವುದನ್ನು ಹತ್ತು ಪುಟ ಓದಿದರೂ ತಿಳಿಯದವರಿಗೆ ಒಮ್ಮೆ ಕಣ್ಣಾರೆ ಕಂಡರೆ ತಿಳಿಯುತ್ತದೆ. ಚಾಕು ಹಿಡಿಯುವ ಓರೆ, ಸೀಳಿನ ಆಳ, ಪಟ್ಟಿ ಸುತ್ತುವ ಬಿಗಿ, ಇವು ನೋಡಿ ಕಲಿಯುವ ಕೆಲಸಗಳು. ನಮ್ಮ ದೇಶವೂ ಇದನ್ನು ಬೇಗ ಅರಿತುಕೊಂಡಿತು. 1967ರ ಜನವರಿ 26ರಂದು ದೆಹಲಿಯ ಸುತ್ತಲಿನ ಹಳ್ಳಿಗಳಿಗಾಗಿ 'ಕೃಷಿ ದರ್ಶನ' ಆರಂಭವಾಯಿತು. 1975-76ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮ ಬಂದಾಗ ನಮ್ಮ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗರು ಕನ್ನಡದಲ್ಲೇ ಬೇಸಾಯದ ಪಾಠ ನೋಡಿದರು.

ಆದರೆ ಥ್ರೋವರ್ ಅವರ ಬಾಳಿನಲ್ಲಿ ಇನ್ನೊಂದು ಸಂಗತಿ ಇದೆ. 1976ರಲ್ಲಿ ಅವರು ದೊಡ್ಡ ರಾಸಾಯನಿಕ ಕಂಪೆನಿಯೊಂದರ ತೋಟದ ಸಾಮಗ್ರಿಗಳಿಗೆ ಜಾಹೀರಾತು ನೀಡಲು ಒಪ್ಪಿದರು. ಬಿ.ಬಿ.ಸಿ. ಕೂಡಲೇ ಅವರನ್ನು ಕಾರ್ಯಕ್ರಮದಿಂದ ಬಿಟ್ಟಿತು. ಅವರು ಕೆಟ್ಟ ಸಲಹೆ ಕೊಟ್ಟರೆಂದು ಯಾರೂ ಹೇಳಲಿಲ್ಲ. ಸಲಹೆ ಕೊಡುವ ಬಾಯಿಯೇ ಸರಕು ಮಾರತೊಡಗಿದರೆ ಕೇಳುವವನಿಗೆ ಯಾವುದು ಸಲಹೆ, ಯಾವುದು ವ್ಯಾಪಾರ ಎಂದು ತಿಳಿಯುವುದಿಲ್ಲ ಎಂಬುದಷ್ಟೇ ಅಲ್ಲಿನ ವಿಷಯ. ಅಂಥ ಕಟ್ಟುಪಾಡು ನಮ್ಮ ಮೊಬೈಲಿನ ತಜ್ಞರಿಗೆ ಇಲ್ಲ. ಆದ್ದರಿಂದ ಆ ಎಚ್ಚರವನ್ನು ನಾವೇ ಇಟ್ಟುಕೊಳ್ಳಬೇಕು.

ಈಗ ಎರಡನೆಯವರು, ಡಾ. ಎಂ. ಎಚ್. ಮರಿಗೌಡರು. ಹುಟ್ಟಿದ್ದು 1916ರ ಆಗಸ್ಟ್ 8ರಂದು, ಬನ್ನೂರು ಹೋಬಳಿಯ ಮರಿಗೌಡನಹಳ್ಳಿಯಲ್ಲಿ. ರೈತಾಪಿ ಸೀಮೆಯ ಈ ಹುಡುಗ ಸಸ್ಯಶಾಸ್ತ್ರ ಓದಿ 1940ರ ದಶಕದ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗ್ ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ತರಬೇತಿ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಡಾಕ್ಟರೇಟ್ ಪದವಿ. ಇಷ್ಟು ಓದಿದವರು ಎಲ್ಲಿ ಬೇಕಾದರೂ ಇರಬಹುದಿತ್ತು. ಅವರು ಮರಳಿ ಬಂದು ಕ್ರುಂಬಿಗಲ್, ಜವರಾಯ ಅಂಥವರು ನಡೆಸಿದ್ದ ಲಾಲ್‌ಬಾಗಿನ ಹೊಣೆ ಹೊತ್ತರು. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ನಿರ್ದೇಶಕರಾದರು.

ಮರಿಗೌಡರ ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಟೆಲಿವಿಷನ್ ಇರಲಿಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಅವರ ಮುಖ ಕಂಡ ರೈತರು ಕಡಿಮೆ. ಆದರೂ ಅವರು ಕೈಹಾಕಿದ ಕೆಲಸದ ಫಲವನ್ನು ಉಣ್ಣದ ತಾಲ್ಲೂಕು ಈ ರಾಜ್ಯದಲ್ಲಿಲ್ಲ. ಏಕೆಂದರೆ "ಮಾವು ಬೆಳೆಯಿರಿ" ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಹೇಳಿದ್ದನ್ನು ರೈತ ಮಾಡಬೇಕಾದರೆ ಏನೇನು ಬೇಕೋ ಅದನ್ನೆಲ್ಲ ಒಂದೊಂದಾಗಿ ಜೋಡಿಸುತ್ತ ಹೋದರು.

ಮೊದಲು ಒಳ್ಳೆಯ ಸಸಿ ಬೇಕು. ಅದಕ್ಕಾಗಿ ರಾಜ್ಯದ ಉದ್ದಗಲಕ್ಕೂ ನೂರಾರು ತೋಟಗಾರಿಕೆ ಕ್ಷೇತ್ರಗಳು, ಸಸ್ಯಾಗಾರಗಳು ಎದ್ದವು. ಗೊತ್ತಿರುವ ತಾಯಿಮರದಿಂದ ಕಟ್ಟಿದ ಕಸಿ ಮಾವು, ಸಪೋಟ, ಸೀಬೆಯ ಗಿಡಗಳು ಸಾಮಾನ್ಯ ರೈತನಿಗೆ ಕೈಗೆಟುಕುವ ದರಕ್ಕೆ ಸಿಕ್ಕವು. ಎರಡನೆಯದಾಗಿ ಕಣ್ಣಿಗೆ ಕಾಣುವ ಮಾದರಿ ಬೇಕು. ಕ್ಷೇತ್ರಗಳೇ ಆ ಮಾದರಿಗಳಾದವು. ನೀರಾವರಿ ಇಲ್ಲದ ಕಡೆಯೂ ಹಣ್ಣಿನ ಮರ ಬದುಕುತ್ತದೆ ಎಂಬುದನ್ನು ರೈತ ಬೇಲಿಯ ಹೊರಗೆ ನಿಂತು ನೋಡಿ ನಂಬಿದ. ಮೂರನೆಯದಾಗಿ ಕೇಳಲು ಒಬ್ಬ ಮನುಷ್ಯ ಬೇಕು. ತಾಲ್ಲೂಕಿನ ಮಟ್ಟದಲ್ಲಿ ಅಂಥವರು ಬಂದರು. ನಾಲ್ಕನೆಯದಾಗಿ ಮಾಲಿಗೆ ಮಾರುಕಟ್ಟೆ ಬೇಕು. 1959ರ ಸೆಪ್ಟೆಂಬರ್ 10ರಂದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ಅದರ ಹಿಂದೆ ಇದ್ದವರು ಮರಿಗೌಡರೇ. ಅದೇ ಮುಂದೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು.

ಸಸಿ, ಮಾದರಿ, ಮನುಷ್ಯ, ಮಾರುಕಟ್ಟೆ. ಈ ನಾಲ್ಕು ಇದ್ದಾಗ ಸಲಹೆ ಬೆಳೆಯಾಗುತ್ತದೆ. ನಾಲ್ಕೂ ಇಲ್ಲದಾಗ ಅದು ಬರೀ ಮಾತು. ನೆರೆಯ ತಂಜಾವೂರಿನಲ್ಲಿ 1960ರ ದಶಕದಲ್ಲಿ ಎ.ಡಿ.ಟಿ.-27 ಎಂಬ ಭತ್ತದ ತಳಿ ಎಷ್ಟು ಹರಡಿತೆಂದರೆ ಜನ ಅದನ್ನು 'ರೇಡಿಯೋ ಭತ್ತ' ಎಂದೇ ಕರೆದರು. ರೇಡಿಯೋ ಹೇಳಿತು ನಿಜ. ಆದರೆ ರೈತ ಬೀಜ ಕೇಳಲು ಹೋದಾಗ ಅಲ್ಲಿ ಬೀಜವೂ ಇತ್ತು. ಅದನ್ನು ಮರೆಯಬಾರದು.

ನಮ್ಮ ಮನೆಬಾಗಿಲಿನ ಉದಾಹರಣೆಗೆ ಬರೋಣ. ನಂಜನಗೂಡಿನ ರಸಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ದೇವರಸನಹಳ್ಳಿಯ ಕಡೆಯ ಮಣ್ಣಿನಲ್ಲಿ ಅದು ಪಡೆಯುವ ಪರಿಮಳ ಬೇರೆಡೆ ಬಾರದು. ಹೆಸರು ಇಷ್ಟು ದೊಡ್ಡದು, ತೋಟ ಮಾತ್ರ ಕಿರಿದಾಗಿ ಹೋಯಿತು. ಇದಕ್ಕೆ ಮುಖ್ಯ ಕಾರಣ ಪನಾಮಾ ಸೊರಗು ರೋಗ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗುತ್ತವೆ, ತೊಟ್ಟಿನ ಬಳಿ ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ, ದಿಂಡು ಬುಡದಲ್ಲಿ ಸೀಳುತ್ತದೆ. ಗಡ್ಡೆಯನ್ನು ಅಡ್ಡ ಕೊಯ್ದರೆ ಕೆಂಪು-ಕಂದು ಚುಕ್ಕೆಗಳು, ಗೆರೆಗಳು ಕಾಣುತ್ತವೆ. ಗೊನೆ ಬರುವ ಹೊತ್ತಿಗೆ ಗಿಡ ಕುಸಿಯುತ್ತದೆ. ಕೈಗೆ ಬಂದ ತುತ್ತು ಬಾಯಿಗಿಲ್ಲ.

ಈ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ರೋಗದ ತೋಟದ ಕಂದು, ಹರಿದುಬರುವ ನೀರು, ಗುದ್ದಲಿಗೆ ಮೆತ್ತಿದ ಮಣ್ಣು, ಇವುಗಳ ಜೊತೆಗೆ ಊರೂರು ಸುತ್ತುತ್ತದೆ. ರೋಗ ಹತ್ತಿದ ಗಿಡವನ್ನು ಗುಣಪಡಿಸುವ ಔಷಧಿ ಯಾವುದೂ ಇಲ್ಲ. "ಈ ಬಾಟಲಿ ಸುರಿಯಿರಿ, ಹದಿನೈದು ದಿನದಲ್ಲಿ ತೋಟ ಹಸಿರಾಗುತ್ತದೆ" ಎಂದು ಪರದೆಯ ಮೇಲೆ ಯಾರಾದರೂ ಹೇಳಿದರೆ ಅದನ್ನು ನಂಬಿ ಹಣ ಕಳೆದುಕೊಳ್ಳಬೇಡಿ. ರೋಗವಿಲ್ಲದ ತೋಟದ ಕಂದು ಅಥವಾ ನಂಬಿಕೆಯ ಸ್ಥಳದ ಅಂಗಾಂಶ ಕೃಷಿಯ ಸಸಿ ತನ್ನಿ. ಅಂಗಾಂಶ ಸಸಿಯೂ ರೋಗದ ಮಣ್ಣಿನಲ್ಲಿ ನೆಟ್ಟರೆ ಸಾಯುತ್ತದೆ ಎಂಬುದು ನೆನಪಿರಲಿ. ರೋಗ ಕಂಡ ಗಿಡವನ್ನು ಗಡ್ಡೆ ಸಮೇತ ಕಿತ್ತು ಸುಟ್ಟುಬಿಡಿ. ಆ ಪಾತಿಯ ನೀರು ಮುಂದಿನ ಸಾಲಿಗೆ ಹರಿಯದಂತೆ ಕಟ್ಟಿ. ನಾಲೆಯ ನೀರಿರುವ ಕಡೆ ಕೆಲವು ವರ್ಷ ಭತ್ತ ಹಾಕಿ, ಆಮೇಲೆ ಬಾಳೆಗೆ ಬನ್ನಿ.

ಇಷ್ಟನ್ನು ಟೆಲಿವಿಷನ್ನಿನ ತಜ್ಞರೂ ಹೇಳಬಲ್ಲರು. ಆದರೆ ನಿಮ್ಮ ಪಕ್ಕದ ತೋಟದ ನೀರು ಯಾವ ಕಡೆಗೆ ಹರಿಯುತ್ತದೆ, ನೀವು ಕಂದು ತಂದ ತೋಟದಲ್ಲಿ ಹೋದ ವರ್ಷ ಎಷ್ಟು ಗಿಡ ಸೊರಗಿತು ಎಂಬುದು ಅವರಿಗೆ ಕಾಣುವುದಿಲ್ಲ. ಅದನ್ನು ನೋಡಲು ಪಾತಿಯಲ್ಲಿ ಕಾಲಿಡಬೇಕು.

ಆದ್ದರಿಂದ ಸಲಹೆ ಯಾರದೇ ಆಗಲಿ, ನನ್ನದೇ ಆಗಲಿ, ನಾಲ್ಕು ಪ್ರಶ್ನೆ ಕೇಳಿ. ಇವರು ತೋರಿಸುವ ತೋಟದ ಮಣ್ಣು, ಮಳೆ ನಮ್ಮದರಂತೆ ಇದೆಯೇ? ಈ ಮಾತಿನಿಂದ ಯಾರ ಸರಕು ಮಾರಾಟವಾಗುತ್ತದೆ? ಸಸಿ ಎಲ್ಲಿಂದ ಬರುತ್ತದೆ, ಅದರ ತಾಯಿಗಿಡ ಯಾವುದು? ಬೆಳೆದ ಮಾಲನ್ನು ಯಾರು, ಎಲ್ಲಿ ಕೊಳ್ಳುತ್ತಾರೆ? ನಾಲ್ಕಕ್ಕೂ ಉತ್ತರ ಸಿಕ್ಕರೆ ಧೈರ್ಯವಾಗಿ ಮುಂದುವರಿಯಿರಿ. ಒಂದಕ್ಕೆ ಸಿಗದಿದ್ದರೂ ಮೊದಲ ವರ್ಷ ನಾಲ್ಕೈದು ಗುಂಟೆಯಲ್ಲಿ ಮಾತ್ರ ಪರೀಕ್ಷೆ ಮಾಡಿ. ಸಾಲ ಮಾಡಿ ಎರಡು ಎಕರೆಗೆ ಹಾಕಬೇಡಿ.

ಸರ್ಕಾರಕ್ಕೂ ಒಂದು ಮಾತು. ರೈತರಿಗೆ ಮೊಬೈಲಿನಲ್ಲಿ ಸಲಹೆ ಮುಟ್ಟಿಸುವುದು ಸುಲಭ, ಖರ್ಚೂ ಕಡಿಮೆ. ಅದು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಅದನ್ನೇ ನೆಪ ಮಾಡಿ ಕ್ಷೇತ್ರಗಳನ್ನು ಸೊರಗಲು ಬಿಡಬಾರದು. ಊರು ಬೆಳೆದಂತೆ ತೋಟಗಾರಿಕೆ ಕ್ಷೇತ್ರದ ಜಮೀನಿನ ಮೇಲೆ ಕಟ್ಟಡದವರ ಕಣ್ಣು ಬೀಳುವುದು ಸಹಜ. ಒಂದು ತಾಯಿಮರದ ತೋಪು ಕಡಿದರೆ ಅದನ್ನು ಮರಳಿ ಎಬ್ಬಿಸಲು ಒಂದು ತಲೆಮಾರು ಬೇಕು. ಖಾಲಿ ಬಿದ್ದ ಸಹಾಯಕರ ಹುದ್ದೆಯನ್ನು ಯಾವ ಪರದೆಯೂ ತುಂಬಲಾರದು.

ಬಾಂಧವರೇ, ನಿಮ್ಮ ಪಾಲಿನ ಕೆಲಸವೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಿ: ನಮ್ಮ ತಾಲ್ಲೂಕಿನ ತೋಟಗಾರಿಕೆ ಕ್ಷೇತ್ರದಲ್ಲಿ ಈ ವರ್ಷ ಯಾವ ಸಸಿ ಬೆಳೆಸಿದ್ದಾರೆ, ಎಷ್ಟು, ದರ ಏನು? ಕೇಳುವವರಿದ್ದರೆ ಬೆಳೆಸುವವರು ಇರುತ್ತಾರೆ. ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ರೋಗದ ಎಲೆ, ಗಡ್ಡೆಯ ಚೂರನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಯ್ಯಿರಿ. ಹತ್ತು ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ಬನ್ನೂರು ಹೋಬಳಿಯ ಮರಿಗೌಡರ ಹೆಸರು ಲಾಲ್‌ಬಾಗಿನಲ್ಲಿ ಇರುವಷ್ಟು ನಮ್ಮ ತಾಲ್ಲೂಕಿನಲ್ಲಿ ಇಲ್ಲ. ಪ್ರತಿಮೆ, ಭಾಷಣ ಇರಲಿ, ಇಲ್ಲದಿರಲಿ. ಬರುವ ಆಗಸ್ಟ್ 8ಕ್ಕೆ ನಿಮ್ಮ ಊರಿನ ವಾಚನಾಲಯದವರು ಸೇರಿ ಶಾಲೆಯ ಅಂಗಳದಲ್ಲಿ ಎರಡು ಕಸಿ ಗಿಡ ನೆಡಿ. ಗಿಡ ಎಲ್ಲಿಂದ ತಂದಿರಿ, ಯಾವ ತಳಿ ಎಂಬುದನ್ನು ಬರೆದಿಡಿ. ಮಳೆ ಬಿದ್ದ ನೆಲ ಆಗ ಹದವಾಗಿರುತ್ತದೆ.