ಅಲೆ ಎಬ್ಬಿಸಿದವರದೇ ಹೊಣೆ



ಬೇಸಿಗೆ ಬಂತೆಂದರೆ ನಮ್ಮವರಲ್ಲಿ ಕೆಲವರು ಕಿಂಗ್‌ಸ್ಟನ್, ಹ್ಯಾಂಪ್ಟನ್ ಕೋರ್ಟ್ ಕಡೆ ಮೋಟಾರು ದೋಣಿ ಬಾಡಿಗೆಗೆ ಪಡೆದು, ಪುಳಿಯೋಗರೆ ಡಬ್ಬಿಯೊಂದಿಗೆ ಥೇಮ್ಸ್ ವಿಹಾರಕ್ಕೆ ಹೊರಡುತ್ತಾರೆ. ಸಂತೋಷದ ವಿಷಯ. ಆದರೆ ಅದೇ ನೀರಿನಲ್ಲಿ ಹಾಯಿದೋಣಿಗಳೂ ಇರುತ್ತವೆ. ಸರ್ಬಿಟನ್‌ನ ಥೇಮ್ಸ್ ಸೈಲಿಂಗ್ ಕ್ಲಬ್ 1870ರಿಂದಲೂ ಇದೆ.

ಟೆಡ್ಡಿಂಗ್‌ಟನ್ ಲಾಕ್‌ನಿಂದ ಮೇಲಕ್ಕೆ ವೇಗದ ಮಿತಿ ಗಂಟೆಗೆ 8 ಕಿಲೋಮೀಟರ್. "ಮಿತಿಯೊಳಗೇ ಇದ್ದೇವಲ್ಲ" ಎಂದರೆ ಸಾಲದು ಎಂಬುದು ನನ್ನ ಅಭಿಪ್ರಾಯ. ಮಳೆಗಾಲದ ಬೆಂಗಳೂರಿನಲ್ಲಿ ನಿಧಾನವಾಗಿ ಹೋಗುವ ಕಾರೂ ನಡೆದು ಹೋಗುವವರಿಗೆ ಕೆಸರು ಎರಚುತ್ತದೆ, ಅಲ್ಲವೇ? ನಮ್ಮ ದೋಣಿ ಎಬ್ಬಿಸುವ ಅಲೆಯೂ ಹಾಗೆಯೇ. ಪುಟ್ಟ ಹಾಯಿದೋಣಿ ಹೊಯ್ದಾಡಿದರೆ ಹಾಯಿಗೆ ಗಾಳಿ ತಪ್ಪುತ್ತದೆ. ಅದರಲ್ಲಿ ಕಲಿಯುತ್ತಿರುವ ಮಗುವಿದ್ದರೆ ನೀರಿಗೆ ಬೀಳಲೂಬಹುದು. ದಡಕ್ಕೆ ಕಟ್ಟಿದ ದೋಣಿಮನೆಯಲ್ಲಿ ಒಲೆಯ ಮೇಲಿನ ಬಿಸಿನೀರು ಯಾರ ಮೈಮೇಲಾದರೂ ಚೆಲ್ಲಬಹುದು.

ಹಾಯಿದೋಣಿ ಗಾಳಿಗೆ ಎದುರಾಗಿ ನೇರವಾಗಿ ಹೋಗಲಾರದು; ಅಂಕುಡೊಂಕಾಗಿ ಸಾಗಬೇಕು. ಅದು ಅಡ್ಡ ಬರುವುದು ಉದ್ಧಟತನವಲ್ಲ. ಮುಂಚಿತವಾಗಿಯೇ ವೇಗ ತಗ್ಗಿಸಿ, ಅದರ ಹಿಂಬದಿಯಿಂದ ಹಾದುಹೋಗಿ. ಆಗಾಗ ಹಿಂತಿರುಗಿ ನೋಡಿ: ಅಲೆ ದಡಕ್ಕೆ ಬಡಿಯುತ್ತಿದ್ದರೆ ಇನ್ನೂ ನಿಧಾನಿಸಿ. ಹಾಯಿಯವರಿಗೂ ಒಂದು ಮಾತು: ದೊಡ್ಡ ಪ್ರಯಾಣಿಕರ ದೋಣಿ ಥಟ್ಟನೆ ನಿಲ್ಲಲಾರದು, ಅದರ ಮುಂದೆ ಹಟ ಬೇಡ.

ನದಿ ಎಲ್ಲರದು. ದಾರಿ ಬಿಟ್ಟವರಿಗೆ ಕೈ ಬೀಸಿ ಥ್ಯಾಂಕ್ಸ್ ಹೇಳಲು ಖರ್ಚೇನಿಲ್ಲ. ಮುಂದಿನ ಸಲ ದೋಣಿ ಹತ್ತುವ ಮುನ್ನ ಇದನ್ನು ಮಕ್ಕಳಿಗೂ ಹೇಳಿಕೊಡೋಣವೇ?